ಮೈಕಿಲ್ಲದ ಕಾಲದ ಕಂಠ

ಡಾ. ರಾಜ್‌ಕುಮಾರ್ ಅವರ ಮಾತು ತೆಗೆದರೆ ನಮ್ಮಲ್ಲಿ ಮೊದಲು ಬರುವುದು ಅವರ ಸರಳತೆ. ಅದರ ಬೆನ್ನಿಗೇ ವಿನಯ. ಆಮೇಲೆ ಬಿಳಿ ಪಂಚೆ, ಬಿಳಿ ಅಂಗಿ. ನವೆಂಬರ್ ಬಂತೆಂದರೆ ಕುಶಾಲನಗರದಿಂದ ಮಡಿಕೇರಿಯ ತನಕ ಅಲ್ಲಲ್ಲಿ ಏಳುವ ಫ್ಲೆಕ್ಸ್‌ಗಳಲ್ಲಿ ಅವರು ಕೈಮುಗಿದು ನಿಂತಿರುತ್ತಾರೆ. ಪಕ್ಕದಲ್ಲಿ ಅವರಿಗಿಂತ ದೊಡ್ಡದಾಗಿ ಊರಿನ ಮುಖಂಡರು ನಗುತ್ತಿರುತ್ತಾರೆ. ವೇದಿಕೆಯಲ್ಲಿ ಒಬ್ಬರು ಎದ್ದು, ಅಭಿಮಾನಿಗಳನ್ನು ದೇವರೆಂದು ಕರೆದ ದೊಡ್ಡ ಮನಸ್ಸು ಎನ್ನುತ್ತಾರೆ. ಇನ್ನೊಬ್ಬರು ಕಣ್ಣು ದಾನ ಮಾಡಿದ್ದನ್ನು ನೆನೆಯುತ್ತಾರೆ. ಎಲ್ಲವೂ ನಿಜವೇ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಮನುಷ್ಯ ಹೇಗೆ ನಟಿಸುತ್ತಿದ್ದರು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ನನಗೆ ಇದು ಬಹುಕಾಲದ ಕಿರಿಕಿರಿ. ಒಳ್ಳೆಯವನಾಗಲು ಯಾರೂ ನಾಟಕ ಕಂಪನಿಗೆ ಸೇರಬೇಕಾಗಿಲ್ಲ. ಅವರು ಅಲ್ಲಿ ಕಲಿತದ್ದು ಕಸುಬು. ಆ ಕಸುಬನ್ನು ಪಕ್ಕಕ್ಕಿಟ್ಟು ಗುಣವನ್ನಷ್ಟೇ ಹೊಗಳುತ್ತಾ ಹೋದರೆ, ಹಾಗೆ ಹೊಗಳಿದವರಿಗೆ ಸಿನಿಮಾ ನೋಡುವ ಕೆಲಸವೂ ತಪ್ಪುತ್ತದೆ ಎಂದು ಕಾಣುತ್ತದೆ.

ಕೊಡಗಿನವನಾಗಿ ನಾನು ಇದನ್ನು ಹೇಳುವುದಕ್ಕೆ ಒಂದು ಕಾರಣವಿದೆ. ನಮ್ಮ ಮನೆಯ ಮಾತು ಅರೆಭಾಷೆ. ಬೇಲಿಯ ಆಚೆಯ ಮನೆಯಲ್ಲಿ ಕೊಡವ ತಕ್ಕ್. ರಸ್ತೆಯ ಅಂಗಡಿಯಲ್ಲಿ ಮಲಯಾಳ, ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ತಮಿಳು, ಗದ್ದೆ ಕೆಲಸಕ್ಕೆ ಬರುತ್ತಿದ್ದವರಲ್ಲಿ ತುಳು. ಕನ್ನಡ ಎಲ್ಲರಿಗೂ ಬರುತ್ತಿತ್ತು, ಆದರೆ ಪುಸ್ತಕದಲ್ಲಿರುವ ಕನ್ನಡವನ್ನು ಮನೆಯಲ್ಲಿ ಆಡುವವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಅರೆಭಾಷೆ ಕನ್ನಡಕ್ಕೆ ಹತ್ತಿರದ ನೆಂಟನೇ. ಆದರೂ ಶಾಲೆಯಲ್ಲಿ ಎದ್ದು ನಿಂತು ಪಾಠ ಓದಬೇಕಾದಾಗ ಮಹಾಪ್ರಾಣಗಳೆಲ್ಲ ನಾಲಿಗೆಯ ಮೇಲೆ ಸತ್ತು ಬೀಳುತ್ತಿದ್ದವು. ಧರ್ಮ, ಘೋರ, ಭೀಕರ ಎಂಬ ಪದಗಳು ಕಿವಿಗೆ ಬಿದ್ದಾಗ ಹೇಗಿರುತ್ತವೆ ಎಂದು ನಮಗೆ ತೋರಿಸಿಕೊಟ್ಟದ್ದು ಮೇಷ್ಟರಲ್ಲ. ಅವರದೂ ನಮ್ಮದೇ ನಾಲಿಗೆ. ತೋರಿಸಿಕೊಟ್ಟದ್ದು ರೇಡಿಯೊದೊಳಗಿನ ರಾಜ್‌ಕುಮಾರ್.

ಹೌದು, ರೇಡಿಯೊ. ನಾನು ಅವರನ್ನು ನೋಡುವುದಕ್ಕೆ ಮೊದಲು ಕೇಳಿದವನು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಸೆಲ್ ಹಾಕಿದ ಟ್ರಾನ್ಸಿಸ್ಟರ್ ಒಂದೇ ಹೊರಗಿನ ಸಂಪರ್ಕ. ಆಕಾಶವಾಣಿಯಲ್ಲಿ ಆಗೀಗ ಸಿನಿಮಾಗಳ ಧ್ವನಿಯನ್ನಷ್ಟೇ ಸಂಕ್ಷಿಪ್ತಗೊಳಿಸಿ ಪ್ರಸಾರ ಮಾಡುತ್ತಿದ್ದರು. ಒಲೆಯ ಮುಂದೆ ಕುಳಿತು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಮೀರಿ ಬರುವ ಆ ಕಂಠವನ್ನು ಕೇಳುವಾಗ, ಚಿತ್ರವೇ ಕಾಣದಿದ್ದರೂ ಈಗ ಮಾತನಾಡುತ್ತಿರುವವನು ಸಿಂಹಾಸನದ ಮೇಲಿದ್ದಾನೋ, ನೆಲದ ಮೇಲೆ ಕುಳಿತಿದ್ದಾನೋ, ಅಥವಾ ಯಾರದೋ ಬೆನ್ನಿಗೆ ಹೇಳುತ್ತಿದ್ದಾನೋ ಎನ್ನುವುದು ಗೊತ್ತಾಗುತ್ತಿತ್ತು. ಇದು ಹೇಗೆ ಸಾಧ್ಯ ಎಂದು ಆಗ ಕೇಳಿಕೊಳ್ಳಲಿಲ್ಲ. ನಾನೇ ಕನ್ನಡ ಮೇಷ್ಟ್ರಾಗಿ, ಮಕ್ಕಳಿಗೆ ಗಟ್ಟಿಯಾಗಿ ಓದುವುದನ್ನು ಕಲಿಸಬೇಕಾಗಿ ಬಂದ ಮೇಲೆ ಕೇಳಿಕೊಂಡೆ.

ಅದಕ್ಕೆ ಉತ್ತರ ಹುಡುಕಲು ಗಾಜನೂರಿಗೆ ಹೋಗಬೇಕು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮತ್ತು ಲಕ್ಷ್ಮಮ್ಮ ದಂಪತಿಯ ಮಗ ಮುತ್ತುರಾಜ ಅಲ್ಲಿ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಊರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಭಾಷೆಯ ಆಧಾರದ ಮೇಲೆ ಗಡಿಗಳನ್ನು ಹೊಸದಾಗಿ ಎಳೆದಾಗ, ಅಲ್ಲಿಯವರೆಗೆ ಬೇರೆಯೇ ರಾಜ್ಯವಾಗಿದ್ದ ನಮ್ಮ ಕೊಡಗು ಮೈಸೂರಿಗೆ ಸೇರಿತು. ಗಾಜನೂರು ಮದ್ರಾಸಿನಲ್ಲೇ ಉಳಿಯಿತು. ಮನೆಯಲ್ಲಿ ನೂರೆಂಟು ಮಾತುಗಳಿರುವ ನಾವು ಕನ್ನಡ ನಾಡಿನ ಒಳಗಾದೆವು. ಕನ್ನಡದ ಕಂಠವೇ ಆಗಿಹೋದವರ ಹುಟ್ಟೂರು ಹೊರಗಾಯಿತು. ಅವರ ಕನ್ನಡ ಮೈಸೂರಿನ ಅಗ್ರಹಾರದ್ದೂ ಅಲ್ಲ, ಧಾರವಾಡದ್ದೂ ಅಲ್ಲ. ಅದು ಯಾವ ಊರಿನದೂ ಅಲ್ಲ ಎಂದರೇ ಸರಿ. ಅದು ಕಂಪನಿ ನಾಟಕದ ಕನ್ನಡ.

ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟ. ರಾವಣ, ಕಂಸ, ಹಿರಣ್ಯಕಶಿಪು ಇಂಥ ಅಬ್ಬರದ ಪಾತ್ರಗಳಿಗೆ ಹೆಸರಾದವರು. ಮಗ ಶಾಲೆಯನ್ನು ಸಣ್ಣ ವಯಸ್ಸಿನಲ್ಲೇ ಬಿಟ್ಟು ಅಪ್ಪನ ಹಿಂದೆ ಹೊರಟ. ಗುಬ್ಬಿ ಕಂಪನಿಯಲ್ಲಿ, ಮುಂದೆ ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲಿ ಬೆಳೆದ. ಈ ಕಂಪನಿಗಳು ಏನನ್ನು ಕಲಿಸುತ್ತಿದ್ದವು ಎನ್ನುವುದನ್ನು ನಾವು ಈಗ ಸರಿಯಾಗಿ ಊಹಿಸಿಕೊಳ್ಳಲಾರೆವು. ವೀರಣ್ಣನವರ ‘ಕುರುಕ್ಷೇತ್ರ’ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳು ಬರುತ್ತಿದ್ದವು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಆನೆಯ ಮುಂದೆ ನಿಂತು ಮಾತನಾಡುವ ನಟನ ಮೇಲೇ ಜನರ ಕಣ್ಣು ಇರಬೇಕಾದರೆ ಆ ನಟನಲ್ಲಿ ಏನಿರಬೇಕು ಎಂದು ಯಾರೂ ಯೋಚಿಸುವುದಿಲ್ಲ.

ಮೈಕು ಊರೂರಿಗೆ ಬರುವುದಕ್ಕೆ ಮೊದಲಿನ ರಂಗಭೂಮಿ ಅದು. ತಗಡಿನ ಥಿಯೇಟರಿನ ಕೊನೆಯ ಬೆಂಚಿನಲ್ಲಿ, ಎರಡಾಣೆ ಕೊಟ್ಟು ಕುಳಿತವನಿಗೆ ನಟನ ಮುಖ ಒಂದು ಚುಕ್ಕಿ. ಅವನಿಗೆ ಕಣ್ಣೀರು ಕಾಣುವುದಿಲ್ಲ, ಹುಬ್ಬು ಕಾಣುವುದಿಲ್ಲ. ಅವನನ್ನು ತಲುಪುವುದು ಎರಡೇ: ಮೈಯ ನಿಲುವು ಮತ್ತು ಕಂಠ. ಕೂಗಿದರೆ ಧ್ವನಿ ತಲುಪುತ್ತದೆ, ಆದರೆ ಪದ ಒಡೆದುಹೋಗುತ್ತದೆ. ಆದ್ದರಿಂದ ಕೂಗದೆ ತಲುಪಿಸಲು ಕಲಿಯಬೇಕು. ಉಸಿರನ್ನು ಹೊಟ್ಟೆಯಿಂದ ತೆಗೆಯಬೇಕು, ವಾಕ್ಯ ಮುಗಿಯುವ ತನಕ ಉಳಿಸಿಕೊಳ್ಳಬೇಕು, ಕೊನೆಯ ಅಕ್ಷರವನ್ನು ನುಂಗಬಾರದು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಕೊನೆಯ ಅಕ್ಷರ ಹೋಯಿತೆಂದರೆ ಮಾಡಿದನೋ ಮಾಡಿದಳೋ ಮಾಡಿದೆನೋ ಗೊತ್ತಾಗದೆ ವಾಕ್ಯವೇ ಹೋಯಿತು. ಮಾತಿನ ನಡುವೆ ಹಾರ್ಮೋನಿಯಂನವನು ಶ್ರುತಿ ಕೊಟ್ಟರೆ ಅದೇ ಉಸಿರಿನಲ್ಲಿ ಕಂದಪದ್ಯಕ್ಕೆ ಏರಬೇಕು, ಪದ್ಯ ಮುಗಿಸಿ ಅದೇ ಶ್ರುತಿಯಲ್ಲಿ ಮಾತಿಗೆ ಇಳಿಯಬೇಕು. ಮಾತಿಗೂ ಹಾಡಿಗೂ ನಡುವೆ ಮೆಟ್ಟಿಲಿರಬಾರದು. ರಾಜ್‌ಕುಮಾರ್ ಅವರ ಯಾವುದೇ ಪೌರಾಣಿಕ ಚಿತ್ರವನ್ನು ಕಣ್ಣು ಮುಚ್ಚಿ ಕೇಳಿದರೂ ಇದು ತಿಳಿಯುತ್ತದೆ. ಎಷ್ಟು ಉದ್ದದ ಸಂಭಾಷಣೆಯಾದರೂ ಕೊನೆಯ ಅಕ್ಷರ ಮೊದಲ ಅಕ್ಷರದಷ್ಟೇ ತುಂಬಿರುತ್ತದೆ. ಅದು ದೈವದತ್ತ ಎಂದು ಹೇಳಿ ಕೈ ತೊಳೆದುಕೊಳ್ಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಕಂಪನಿಯಲ್ಲಿ ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ದುಡಿದುಕೊಂಡದ್ದನ್ನು ದೇವರ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ಕ್ಕೆ ಅವರನ್ನು ಆರಿಸಿ, ಮುತ್ತುರಾಜನನ್ನು ರಾಜ್‌ಕುಮಾರ್ ಮಾಡಿದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ನೆನೆಯದಿರುವುದು ಅದರ ನಂತರದ ವರ್ಷಗಳು. ನಾಯಕನಾದ ಮಾತ್ರಕ್ಕೆ ಹೊಟ್ಟೆ ತುಂಬುವಷ್ಟು ಕನ್ನಡ ಚಿತ್ರಗಳು ಆಗ ತಯಾರಾಗುತ್ತಿರಲಿಲ್ಲ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿ, ಮತ್ತೆ ಊರೂರು ಸುತ್ತಿ ನಾಟಕವಾಡಿದರು. ತೆರೆಯ ಮೇಲೆ ನೋಡಿದ ಕಣ್ಣಪ್ಪನನ್ನು ಜನ ರಂಗದ ಮೇಲೂ ನೋಡಿದರು. ಅದೇ ಗೆಳೆಯರ ಗುಂಪು 1960ರಲ್ಲಿ ‘ರಣಧೀರ ಕಂಠೀರವ’ವನ್ನು ನಿರ್ಮಿಸಿತು. ಅಂದರೆ ರಂಗಭೂಮಿ ಅವರಿಗೆ ಸಿನಿಮಾ ಹತ್ತುವ ಏಣಿಯಾಗಿರಲಿಲ್ಲ, ಹತ್ತಿದ ಮೇಲೂ ಇಳಿದು ಬಂದು ನಿಲ್ಲುವ ನೆಲವಾಗಿತ್ತು.

ಕಂಪನಿಯಿಂದ ಬಂದ ಅನೇಕರು ಕ್ಯಾಮೆರಾದ ಮುಂದೆ ಸೋತರು. ಕೊನೆಯ ಬೆಂಚಿಗಾಗಿ ಬೆಳೆಸಿಕೊಂಡ ಅಭಿನಯ ಒಂದು ಮಾರು ದೂರದಲ್ಲಿರುವ ಮಸೂರಕ್ಕೆ ಭಾರವಾಯಿತು. ರಾಜ್‌ಕುಮಾರ್ ಕೂಡ ಮೊದಮೊದಲ ಚಿತ್ರಗಳಲ್ಲಿ ಕಣ್ಣನ್ನು ಅಗತ್ಯಕ್ಕಿಂತ ಹೆಚ್ಚು ಅರಳಿಸುತ್ತಾರೆ, ಕೈಯನ್ನು ಅಗತ್ಯಕ್ಕಿಂತ ಹೆಚ್ಚು ಎತ್ತುತ್ತಾರೆ. ಆದರೆ 1964ರ ‘ನಾಂದಿ’ಯ ಹೊತ್ತಿಗೆ ಏನಾಗಿದೆ ನೋಡಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಚಿತ್ರದಲ್ಲಿ ಅವರು ಕಿರೀಟವಿಲ್ಲದ, ಕತ್ತಿಯಿಲ್ಲದ ಸಾಮಾನ್ಯ ಶಾಲಾ ಮಾಸ್ತರ್. ಮೊದಲ ಹೆಂಡತಿ ತೀರಿಕೊಂಡ ಮೇಲೆ ಕಿವಿ ಕೇಳದ, ಮಾತು ಬಾರದ ಹೆಣ್ಣನ್ನು ಮದುವೆಯಾಗುವವನು. ಕಂಠವೇ ಬಂಡವಾಳವಾದ ನಟನ ಎದುರಿಗೆ ಆ ಕಂಠ ಕೇಳಿಸದ ಪಾತ್ರವನ್ನು ನಿಲ್ಲಿಸಿಬಿಟ್ಟರು! ಅಲ್ಲಿ ಅವರು ಉಳಿದ ಅರ್ಧ ಬಂಡವಾಳವಾದ ಮೈಯಿಂದಲೇ ಬದುಕುತ್ತಾರೆ. ಕಾಫಿ ಗಿಡದಲ್ಲಿ ಬೇಡದ ಚಿಗುರನ್ನೆಲ್ಲ ತೆಗೆದು ಕಾಯಿ ಕಟ್ಟುವ ರೆಕ್ಕೆಯನ್ನು, ಅಂದರೆ ಕೊಂಬೆಯನ್ನಷ್ಟೇ ಬಿಡುವಂತೆ, ಕಂಪನಿಯಿಂದ ತಂದದ್ದರಲ್ಲಿ ಕ್ಯಾಮೆರಾಕ್ಕೆ ಬೇಡವಾದದ್ದನ್ನು ಒಂದೊಂದಾಗಿ ತೆಗೆದಿದ್ದಾರೆ.

ನನ್ನ ಮಟ್ಟಿಗೆ ಅವರ ನಟನೆಯ ಶಿಖರ 1971ರ ‘ಕಸ್ತೂರಿ ನಿವಾಸ’ದ ಕೊನೆಯ ಭಾಗ. ಕೊಟ್ಟೇ ಬರಿದಾದ ಮನುಷ್ಯ. ಮನೆಗೆ ಬಂದವರಿಗೆ ಊಟ ಬಡಿಸಲು ಉಳಿದೊಂದು ಪಾರಿವಾಳವನ್ನೂ ಕಳೆದುಕೊಂಡಿದ್ದಾನೆ. ಬಂದವರು ಕೇಳುವುದು ಅದೇ ಪಾರಿವಾಳವನ್ನು. ಈ ಸನ್ನಿವೇಶವನ್ನು ಯಾವ ನಟನಿಗೆ ಕೊಟ್ಟರೂ ಅತ್ತುಬಿಡುತ್ತಾನೆ. ರಾಜ್‌ಕುಮಾರ್ ಅಲ್ಲಿ ಮರ್ಯಾದೆಯನ್ನು ಕಾಪಾಡಿಕೊಳ್ಳಲು ಹೆಣಗುತ್ತಾರೆ. ಅಳುವ ಕೆಲಸ ನಮ್ಮ ಪಾಲಿಗೆ ಬರುತ್ತದೆ. ಇದೇ ಕಥೆಯನ್ನು ತಮಿಳಿನಲ್ಲಿ ಶಿವಾಜಿ ಗಣೇಶನ್ ಮಾಡಿದರು. ಅವರೂ ನಾಟಕದಿಂದಲೇ ಬಂದ ದೈತ್ಯ. ಎರಡನ್ನೂ ನೋಡಿದ ತಮಿಳು ಬಲ್ಲ ಗೆಳೆಯರೊಡನೆ ವಾದ ಮಾಡಿ ನಾನು ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ.

‘ಸನಾದಿ ಅಪ್ಪಣ್ಣ’ದ ಮಾತು ಬೇರೆ. 1977ರ ಆ ಚಿತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ತೆರೆಯ ಮೇಲೆ ಊದುವವರು ರಾಜ್‌ಕುಮಾರ್. ಊದುವ ವಾದ್ಯವನ್ನು ನುಡಿಸುವಂತೆ ನಟಿಸುವುದು ತಂತಿ ವಾದ್ಯಕ್ಕಿಂತ ಕಷ್ಟ. ಬೆರಳು ಮಾತ್ರವಲ್ಲ, ಕೆನ್ನೆ, ಕುತ್ತಿಗೆ, ಎದೆ ಎಲ್ಲವೂ ಸುಳ್ಳು ಹೇಳಬೇಕಾಗುತ್ತದೆ. ಕೊಡಗಿನಲ್ಲಿ ವಾಲಗವಿಲ್ಲದೆ ಮದುವೆಯಿಲ್ಲ, ಹಬ್ಬವಿಲ್ಲ, ಸಾವೂ ಇಲ್ಲ. ಊದುವವರ ಉಸಿರು ಎಲ್ಲಿ ನಿಂತು ಎಲ್ಲಿ ಹೊರಡುತ್ತದೆ ಎನ್ನುವುದು ಇಲ್ಲಿ ಕುಣಿಯುವವರಿಗೂ ಗೊತ್ತು. ನಮ್ಮೂರಿನ ಮದುವೆಗಳಿಗೆ ಬರುತ್ತಿದ್ದ ಹಿರಿಯ ವಾಲಗದವರೊಬ್ಬರನ್ನು ಈ ಚಿತ್ರದ ಬಗ್ಗೆ ಕೇಳಿದ್ದೆ. “ಕೈ ಅಷ್ಟಕ್ಕಷ್ಟೇ ಮೇಷ್ಟ್ರೇ, ಆದರೆ ಉಸಿರು ನಮ್ಮದೇ” ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಉಸಿರು ಹೇಗೆ ಬಂತೆನ್ನುವುದಕ್ಕೆ ಮತ್ತೆ ಆ ತಗಡಿನ ಥಿಯೇಟರನ್ನೇ ತೋರಿಸಬೇಕು.

‘ಬಂಗಾರದ ಮನುಷ್ಯ’ದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಮರಳಿ ಬೇಸಾಯ ಹಿಡಿದವರ ಕಥೆಗಳನ್ನು ಕೇಳಿದಾಗಲೆಲ್ಲ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಅವರೇನು ಮಾಡಿದರೋ ಎಂಬ ಕೊಡಗಿನ ಕುಚೋದ್ಯ ನನ್ನಲ್ಲಿ ಏಳುತ್ತದೆ.

ಪ್ರಶಸ್ತಿಗಳ ಪಟ್ಟಿಯೂ ಬೇಡ. 1983ರ ಪದ್ಮಭೂಷಣ, 1995ರ ದಾದಾಸಾಹೇಬ್ ಫಾಲ್ಕೆ ಎರಡನ್ನು ಹೇಳಿದರೆ ಸಾಕು. ಒಂದು ಸಂಗತಿಯನ್ನು ಮಾತ್ರ ಹೇಳಲೇಬೇಕು. ಇಷ್ಟು ದೊಡ್ಡ ನಟನಿಗೆ ನಟನೆಗಾಗಿ ರಾಷ್ಟ್ರ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಬಂದದ್ದು ಹಾಡಿದ್ದಕ್ಕೆ, 1992ರ ‘ಜೀವನ ಚೈತ್ರ’ದ ಹಾಡಿಗೆ. 1974ರ ‘ಸಂಪತ್ತಿಗೆ ಸವಾಲ್’ವರೆಗೆ ಅವರ ಹಾಡುಗಳಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರ ಕಂಠ. ಅಲ್ಲಿಂದಾಚೆಗೆ ಹೆಚ್ಚಾಗಿ ತಮ್ಮದೇ. ಕಂಪನಿಯಲ್ಲಿ ಹಾಡದೆ ನಟನಾಗುವಂತೆಯೇ ಇರಲಿಲ್ಲ. ಅಂಥವರು ತೆರೆಯ ಮೇಲೆ ಇಪ್ಪತ್ತು ವರ್ಷ ಇನ್ನೊಬ್ಬರ ಕಂಠಕ್ಕೆ ತುಟಿ ಆಡಿಸಿದರು. ಶ್ರೀನಿವಾಸ್ ಅವರ ಹಾಡುಗಳು ನನಗೆ ಪ್ರಾಣ. ಆದರೂ ಈ ಇಪ್ಪತ್ತು ವರ್ಷ ನನಗೆ ವಿಚಿತ್ರವಾಗಿ ಕಾಣುತ್ತದೆ.

ಕೊಡಗನ್ನೇ ಕಥೆಯಾಗಿಸಿಕೊಂಡ ಚಿತ್ರವೊಂದು ಅವರದಿದೆ, 1979ರ ‘ಹುಲಿಯ ಹಾಲಿನ ಮೇವು’. ಮೂಲ ಕಾದಂಬರಿ ನಮ್ಮ ಜಿಲ್ಲೆಯವರೇ ಆದ, ಮೇಷ್ಟ್ರೂ ಆಗಿದ್ದ ಭಾರತೀಸುತ, ಅಂದರೆ ಎಸ್.ಆರ್. ನಾರಾಯಣ ರಾವ್ ಅವರದು. ಇವರ ಕಾದಂಬರಿಯಿಂದಲೇ ಎರಡು ವರ್ಷ ಮೊದಲು ‘ಗಿರಿಕನ್ಯೆ’ಯೂ ಬಂದಿತ್ತು. ಅರಸರ ಕಾಲದ ಕೊಡಗು, ಚೆಂಗುಮಣಿ ಎಂಬ ವೀರ. ಕೊಡವರ ನಿಲುವಂಗಿ ಕುಪ್ಪಿಯ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿದ ರಾಜ್‌ಕುಮಾರ್ ಅವರನ್ನು ನೋಡಿ ನಮ್ಮ ಊರಿನವರು ಹಿಗ್ಗಿದ್ದರಂತೆ. ನೆರೆಮನೆಯ ಕೊಡವ ಗೆಳೆಯನ ಅಭಿಪ್ರಾಯ ಬೇರೆ. “ಬಟ್ಟೆ ನಮ್ಮದು, ನಡಿಗೆ ಗುಬ್ಬಿ ಕಂಪನಿಯದು” ಎಂದು ಅವನು ಈಗಲೂ ನಗುತ್ತಾನೆ. ಅವನ ಮಾತು ಸರಿ. ಚೆಂಗುಮಣಿ ಆಡುವುದು ರಂಗದ ಕನ್ನಡ. ಕಾಡಿನಲ್ಲಿ, ಏರುದಾರಿಯಲ್ಲಿ ನಡೆದು ಬೆಳೆದ ಮನುಷ್ಯನ ಕಾಲು ಅವರದಲ್ಲ. ಕೊಡಗಿನ ಚಿತ್ರ ಯಾವುದು ಎಂದರೆ ಇಲ್ಲಿ ಹೆಚ್ಚಿನವರು ವಿಷ್ಣುವರ್ಧನ್ ಅವರ ‘ಮುತ್ತಿನ ಹಾರ’ದ ಹೆಸರು ಹೇಳುವುದು ಸುಮ್ಮನೆ ಅಲ್ಲ. ಆದರೆ ಗೆಳೆಯನಿಗೆ ನಾನು ಹೇಳುವುದಿಷ್ಟು: ಕಂಪನಿ ನಾಟಕದಲ್ಲಿ ಯಾವ ಊರೂ ನಿಜವಾದ ಊರಲ್ಲ. ಹಸ್ತಿನಾವತಿಯೂ ಅದೇ ಪರದೆ, ಲಂಕೆಯೂ ಅದೇ ಪರದೆ. ಕೊಡಗು ಕೂಡ ಅವರಿಗೆ ಹಾಗೆಯೇ ಬಂದಿದ್ದರೆ ಅದು ಅವರು ಕಲಿತ ಶಾಲೆಯ ಮಿತಿ. ಆ ಶಾಲೆಯ ಶಕ್ತಿಯನ್ನು ಮೆಚ್ಚಿದ ಮೇಲೆ ಮಿತಿಯನ್ನೂ ನೋಡಬೇಕು.

1982ರ ಗೋಕಾಕ್ ಚಳವಳಿಗೆ ಅವರು ಇಳಿದಾಗ ಆದದ್ದನ್ನು ಮತ್ತು 2000ದಲ್ಲಿ ರಾಜ್‌ಕುಮಾರ್ ಅವರನ್ನು ಕಾಡುಗಳ್ಳ ವೀರಪ್ಪನ್ ಅದೇ ಗಾಜನೂರಿನ ಮನೆಯಿಂದ ಕರೆದೊಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡದ್ದನ್ನು ಹೇಳುವವರು ಬೇಕಾದಷ್ಟಿದ್ದಾರೆ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ಗಲಭೆ ನನಗೆ ಇಂದಿಗೂ ನಾಚಿಕೆಯ ವಿಷಯ. ಅಷ್ಟು ಹದವಾಗಿ ದುಃಖಿಸುವುದನ್ನು ತೆರೆಯ ಮೇಲೆ ತೋರಿಸಿದವರಿಗೆ ಆ ರೀತಿಯ ವಿದಾಯ ಸಲ್ಲಬೇಕಾದದ್ದಲ್ಲ.

ತರಗತಿಯ ವಿಷಯಕ್ಕೆ ಬರುತ್ತೇನೆ. ಈಗ ನನ್ನ ಮುಂದೆ ಕುಳಿತುಕೊಳ್ಳುವ ಮಕ್ಕಳಲ್ಲಿ ಲೈನ್ ಮನೆಗಳಿಂದ ಬರುವವರೇ ಹೆಚ್ಚು. ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಹಳಗನ್ನಡ ಪದ್ಯ ಓದಿಸುವುದಕ್ಕೆ ಮೊದಲು ಮೊಬೈಲಿನಲ್ಲಿ ‘ಬಭ್ರುವಾಹನ’ದ ಅರ್ಜುನ ಮತ್ತು ಬಭ್ರುವಾಹನರ ವಾಗ್ವಾದವನ್ನು ಧ್ವನಿ ಮಾತ್ರ ಕೇಳಿಸುತ್ತೇನೆ. ಹುಣಸೂರು ಕೃಷ್ಣಮೂರ್ತಿಯವರು 1977ರಲ್ಲಿ ಮಾಡಿದ ಚಿತ್ರ. ಅವರೂ ನಾಟಕದ ಮನುಷ್ಯ. ತಂದೆ, ಮಗ ಎರಡೂ ರಾಜ್‌ಕುಮಾರ್ ಅವರೇ. “ಎಷ್ಟು ಜನ ಮಾತನಾಡುತ್ತಿದ್ದಾರೆ?” ಎಂದು ಕೇಳಿದರೆ ಮಕ್ಕಳು ಇಬ್ಬರು ಎನ್ನುತ್ತಾರೆ. “ದೊಡ್ಡವನು ಯಾರು?” ಎಂದರೆ ಸರಿಯಾಗಿ ಗುರುತಿಸುತ್ತಾರೆ. ಒಬ್ಬನೇ ಮನುಷ್ಯ ಎಂದು ಹೇಳಿದರೆ ನಂಬುವುದಿಲ್ಲ. ಒಂದರಲ್ಲಿ ಗೆದ್ದೇ ಅಭ್ಯಾಸವಾದವನ ಸೋಮಾರಿತನವಿದೆ. ಇನ್ನೊಂದರಲ್ಲಿ ತಾಯಿಗೆ ಆದ ಅವಮಾನವನ್ನು ನುಂಗಿಕೊಂಡವನ ಬಿಗಿ. ಕನ್ನಡವೇ ಸರಿಯಾಗಿ ತಿಳಿಯದ ಮಕ್ಕಳಿಗೂ ಅದು ಕೇಳಿಸುತ್ತದೆ. ಆಮೇಲೆ ಅವರು ತಮ್ಮ ತಮ್ಮಲ್ಲೇ ಅದನ್ನು ಆಡಿ ನೋಡುವಾಗ, ಹೇಳಿಕೊಡದೆಯೇ ‘ಭ’ಕಾರ ಬಾಯಿಗೆ ಬಂದಿರುತ್ತದೆ.

ದಸರೆಯ ರಾತ್ರಿ ಮಡಿಕೇರಿಯಲ್ಲಿ ದಶಮಂಟಪಗಳ ಮೆರವಣಿಗೆ ನೋಡಿದವರಿಗೆ ಇನ್ನೊಂದು ಸಂಗತಿ ಹೊಳೆದಿರಬಹುದು. ವಿದ್ಯುದ್ದೀಪದ ಬೆಳಕಿನಲ್ಲಿ ಯಂತ್ರದಿಂದ ಕೈಕಾಲು ಆಡಿಸುವ ಅಸುರರು, ಹೊಗೆ, ಧ್ವನಿಮುದ್ರಿತ ಸಂಭಾಷಣೆ. ಚಳಿಯಲ್ಲಿ ಬೆಳಗಿನ ತನಕ ಜನ ನಿಂತು ನೋಡುತ್ತಾರೆ. ನರಸಿಂಹಾವತಾರದ ಕಥೆಯಿದ್ದಾಗಲೆಲ್ಲ, ಕಂಠ ಕೊಟ್ಟವರು ಯಾರೇ ಆಗಿರಲಿ, ನನಗೆ ಕೇಳಿಸುವುದು 1983ರ ‘ಭಕ್ತ ಪ್ರಹ್ಲಾದ’ದ ಹಿರಣ್ಯಕಶಿಪುವೇ. ಬಾಲಕನಾಗಿದ್ದಾಗ, 1942ರ ‘ಭಕ್ತ ಪ್ರಹ್ಲಾದ’ದ ಒಂದು ಸಣ್ಣ ಪಾತ್ರದಲ್ಲಿ ಮುಖ ತೋರಿಸಿದ್ದ ಹುಡುಗ, ನಾಲ್ಕು ದಶಕಗಳ ನಂತರ ಅಪ್ಪ ರಂಗದ ಮೇಲೆ ಮಾಡುತ್ತಿದ್ದ ಪಾತ್ರವನ್ನು ತೆರೆಯ ಮೇಲೆ ಮಾಡಿದರು. ಎದುರಿಗೆ ಪ್ರಹ್ಲಾದನಾಗಿ ತಮ್ಮದೇ ಮಗ ಪುನೀತ್.

ಈ ಪಾತ್ರದ ಬಗ್ಗೆ ನನಗೂ ನನ್ನ ಸೋದರಮಾವನಿಗೂ ಇರುವ ಜಗಳ ಹಳೆಯದು. ಮಾವ ಮೈಸೂರಿನಲ್ಲಿ ಓದುವಾಗ ಕಂಪನಿ ನಾಟಕಗಳನ್ನು ಬಿಡದೆ ನೋಡಿದವರು. ಅವರ ಪ್ರಕಾರ ಹಿರಣ್ಯಕಶಿಪುವಿನಲ್ಲಿ ರಾಜ್‌ಕುಮಾರ್ ತಾವು ಕಷ್ಟಪಟ್ಟು ಬಿಟ್ಟುಬಂದ ಅಬ್ಬರವನ್ನೆಲ್ಲ ಮತ್ತೆ ಹೊತ್ತು ತಂದರು. “ನಾಂದಿಯ ಮೇಷ್ಟ್ರು ಎಲ್ಲಿ, ಈ ಗರ್ಜನೆ ಎಲ್ಲಿ? ಅದು ಅಪ್ಪನಿಗೆ ಮಾಡಿದ ತಿಥಿ ಮಾರಾಯ, ನಟನೆಯಲ್ಲ” ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಮಗನನ್ನು ಕೊಲ್ಲಿಸಲು ಹೊರಟವನು ಮಗನನ್ನು ನೋಡುವ ನೋಟಗಳಲ್ಲಿ, ಆ ಗರ್ಜನೆಗಳ ನಡುವಿನ ತೆರಪುಗಳಲ್ಲಿ, ನಾಂದಿಯ ಮೇಷ್ಟ್ರು ಕಾಣುತ್ತಾರೆ ಎನ್ನುತ್ತೇನೆ. “ತೆರಪನ್ನು ನೋಡುವುದಕ್ಕೆ ಯಾರಪ್ಪ ಸಿನಿಮಾಕ್ಕೆ ಹೋಗುತ್ತಾರೆ?” ಎಂದು ಮಾವ ಕೇಳುತ್ತಾರೆ. ಕಳೆದ ದಸರೆಯಲ್ಲೂ ಮಂಟಪಗಳು ಬರುವುದನ್ನು ಕಾಯುತ್ತಾ ಇದೇ ವಾದ ನಡೆಯಿತು. ಅತ್ತೆ ಇಬ್ಬರಿಗೂ ಬೈದರು.